ಹೆಂಚಿನ ಮೇಲೆ ಕರ್ನಲ್ ಕ್ರಂಬ್

ಹೋದ ವರ್ಷ ಹಿರಿಯರ ಹಬ್ಬಕ್ಕೆ ಹುಣಸೂರಿನ ನೆಂಟರ ಮನೆಗೆ ಹೋಗಿದ್ದೆ. ಆ ಮನೆಯ ಹೊಸ ಸೊಸೆ ತಾರಸಿಯ ಮೇಲೆ ಕಾಗೆಗೆಂದು ಎಲೆ ಇಟ್ಟಳು. ಆಮೇಲೆ ಸ್ಟೀಲ್ ಲೋಟಕ್ಕೆ ಚಮಚದಿಂದ ಟಿಣ್ ಟಿಣ್ ಎಂದು ಬಡಿದು, "ಕರ್ನಲಪ್ಪಾ, ಟೀ ರೆಡಿ!" ಎಂದು ಕೂಗಿದಳು. ನನ್ನ ಮೈ ಜುಮ್ಮೆಂದಿತು.

"ಯಾರಮ್ಮ ಅದು ಕರ್ನಲಪ್ಪ?" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ಯಾರಿಗ್ ಗೊತ್ತು ಕಣಜ್ಜಿ. ನಮ್ಮತ್ತೆ ಅಂಗೇ ಕರೀತಾರೆ, ಅವರತ್ತೇನೂ ಅಂಗೇ ಕರೀತಿದ್ರಂತೆ. ಯಾರೋ ಮಿಲ್ಟ್ರೀಲಿದ್ದ ಹಿರೀಕರಿರ್ಬೇಕು."

ಪಾಪ, ಕರ್ನಲ್ ಯಾವ ಮಿಲಿಟರಿಯಲ್ಲೂ ಇರಲಿಲ್ಲ. ಅವನೊಂದು ಕಾಗೆ. ಅದೂ ಇಂಗ್ಲಿಷ್ ಕಥೆಪುಸ್ತಕದ ಕಾಗೆ.

ಐವತ್ತರ ದಶಕದ ಮಾತು. ಹಂಪಾಪುರದಲ್ಲಿ ಬಸ್ಸಿಳಿದು ಗಾಡಿ ಹಿಡಿದು ಒಳಗೆ ಹೋದರೆ ಸಿಗುವ ಊರು ನಮ್ಮದು. ಅಂಥ ಊರಿನ ಹೆಣ್ಣುಮಗುವನ್ನು ಮೈಸೂರಿನ ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದ್ದು ನಮ್ಮ ತಾತ. ಅವರಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ರಜೆಗೆ ಬಂದಾಗ ಜಗಲಿಯ ಮೇಲೆ ನನ್ನನ್ನು ನಿಲ್ಲಿಸಿ, ದಾರಿಯಲ್ಲಿ ಹೋಗುವವರಿಗೆಲ್ಲ "ಗುಡ್ ಮಾರ್ನಿಂಗ್" ಹೇಳಿಸುತ್ತಿದ್ದರು. ಸಂಜೆಯಾಗಿದ್ದರೂ ಗುಡ್ ಮಾರ್ನಿಂಗೇ. ನಾನು "ಈವ್ನಿಂಗ್, ತಾತ" ಎಂದು ತಿದ್ದಿದರೆ, "ಇರ್ಲಿ ಬುಡವ್ವ, ನಾಳೀಕೂ ಆಯ್ತದೆ" ಎನ್ನುತ್ತಿದ್ದರು.

ತಾತ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ದಸರಾ ರಜೆಗೆ ನಾನು ಆ ಪುಸ್ತಕವನ್ನು ಊರಿಗೆ ತಂದೆ. ರೆಸಿಟೇಷನ್‌ನಲ್ಲಿ ಪ್ರೈಜ್ ಬಂದದ್ದಕ್ಕೆ ಸಿಸ್ಟರ್ ಕೊಟ್ಟದ್ದು, ಬಣ್ಣಬಣ್ಣದ ಪಿಕ್ಚರ್‌ಗಳಿದ್ದ ಪುಸ್ತಕ. ಕಥೆಯ ನಾಯಕ ಕರ್ನಲ್ ಕ್ರಂಬ್ ಚರ್ಚಿನ ಗೋಪುರದಲ್ಲಿ ವಾಸಿಸುವ ಕಾಗೆ. ಯಾರೋ ಕಳೆದುಕೊಂಡ ಗ್ಲೌಸೇ ಅವನ ಟೋಪಿ. ಊರವರ ಚಮಚ, ಬಟನ್, ಕನ್ನಡಕ ಎಲ್ಲವನ್ನೂ ಎತ್ತಿಕೊಂಡು ಹೋಗುತ್ತಾನೆ. ಆಮೇಲೆ ಪಶ್ಚಾತ್ತಾಪವಾಗಿ ವಾಪಸ್ ತಂದಿಡುತ್ತಾನೆ, ಆದರೆ ಪ್ರತಿ ಸಲವೂ ತಪ್ಪು ಮನೆಗೆ. ಹೀಗಾಗಿ ಒಬ್ಬರನ್ನೊಬ್ಬರು ಕಂಡರಾಗದವರೂ ಚಮಚ ಕೇಳಿಕೊಂಡು ಪರಸ್ಪರರ ಬಾಗಿಲು ತಟ್ಟಲೇಬೇಕು! ಎಷ್ಟು ಕರೆದರೂ ಬರದ ಈ ಮಹಾಶಯ ತಗಡಿನ ಮಗ್ಗಿಗೆ ಚಮಚ ಬಡಿದು "ಕರ್ನಲ್, ಟೀ ಈಸ್ ರೆಡಿ!" ಎಂದರೆ ಮಾತ್ರ ಹಾರಿ ಬರುತ್ತಿದ್ದ.

ಮಧ್ಯಾಹ್ನ ಕೊಟ್ಟಿಗೆಯ ಪಕ್ಕ ಮಕ್ಕಳನ್ನೆಲ್ಲ ಕೂರಿಸಿಕೊಂಡು ಈ ಕಥೆ ಹೇಳುತ್ತಿದ್ದೆ. ನಮ್ಮೂರಿನಲ್ಲಿ ಕರ್ನಲ್ ಬಹಳ ಬೇಗ ಬದಲಾದ. ಕೇಕು ಬಿಟ್ಟು ರಾಗಿರೊಟ್ಟಿಗೆ ಇಳಿದ. ಗೋಪುರ ಬಿಟ್ಟು ಹಲಸಿನ ಮರಕ್ಕೆ ಬಂದ. ಸರಗೂರಿನ ಸಂತೆಯಿಂದ ಕನ್ನಡಕ ಎತ್ತಿ ಹಂಪಾಪುರದ ಹೋಟೆಲಿನ ಒಲೆಯ ಮೇಲಿಟ್ಟ. ದೊಡ್ಡಪ್ಪನ ಚಿಕ್ಕ ಮಗಳಂತೂ ದಿನಾ ಎನಾಮಲ್ ಲೋಟ ಬಡಿದು ಕೂಗುವುದು, ನಾವೆಲ್ಲ ಕೊಟ್ಟಿಗೆಯ ಮಾಡಿನ ಮೇಲೆ ರೊಟ್ಟಿಚೂರು ಎಸೆಯುವುದು, ಕಾಗೆಗಳು ದಬದಬ ಇಳಿಯುವುದು, ಇದೇ ಆಟ.

ಇದನ್ನು ಕಂಡರೆ ಉರಿದುಬೀಳುತ್ತಿದ್ದವರು ತಾತನ ತಂಗಿ. ಪಿರಿಯಾಪಟ್ಟಣಕ್ಕೆ ಕೊಟ್ಟಿದ್ದರಿಂದ ನಾವೆಲ್ಲ ಅವರನ್ನು ಪಟ್ಟಣದಜ್ಜಿ ಎನ್ನುತ್ತಿದ್ದೆವು. ಹಬ್ಬಕ್ಕೆಂದು ಮೊದಲೇ ಬಂದು ಕೂತಿದ್ದರು.

"ಕಾಗೆ ಮುಟ್ಟುದ್ರೆ ತಲೆಮೇಲೆ ನೀರುಯ್ಕೊಳ್ಳೋ ಜನ ನಾವು. ಆ ಕಾಗೆಗೆ ಟೋಪಿ ಆಕಿ ಸಲಾಮು ಒಡೀತಾಳಲ್ಲೇ ನಿನ್ನ ಮೊಮ್ಮಗಳು! ನಿನ್ನೆ ಎಮ್ಮೆ ಅಡ್ಡ ನಿಂತಿದ್ರೆ ಅದಕ್ಕೆ ಎಸ್ಕೂಜ್ಮೀ ಅಂತಾವ್ಳೆ."

ನಮ್ಮಜ್ಜಿ ಎಲೆಗೆ ಸುಣ್ಣ ಸವರುತ್ತಾ, "ಎಮ್ಮೆ ಜಾಗ ಬುಡ್ತಾ?" ಎಂದು ಕೇಳಿದರು.

"ಬುಡ್ತು."

"ಮತ್ತಿನ್ನೇನು."

ಅಜ್ಜಿ ಹೀಗೆ ಹಗುರಾಗಿ ಮಾತಾಡಿದರೂ ವಿಷಯ ಹಗುರಾಗಿರಲಿಲ್ಲ. ಮನೆಯ ಯಜಮಾನಿಕೆ ಈಗ ದೊಡ್ಡಪ್ಪನ ಕೈಯಲ್ಲಿತ್ತು. ಹುಡುಗಿ ಓದಿದ್ದು ಸಾಕು, ರಜೆ ಮುಗಿದ ಮೇಲೆ ಕಳಿಸಬೇಡ ಎಂದು ಪಟ್ಟಣದಜ್ಜಿ ದಿನವೂ ಅವರ ಕಿವಿಯಲ್ಲಿ ಊದುತ್ತಿದ್ದರು. ದೊಡ್ಡಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ನನ್ನ ಟ್ರಂಕು ಅಟ್ಟ ಸೇರಿತ್ತು.

ಹಿರಿಯರ ಹಬ್ಬದ ಅಮಾವಾಸ್ಯೆ ಬಂತು. ಹಿರಿಯರ ಸಾಲಿನಲ್ಲಿ ತಾತನಿಗೆ ಅದೇ ಮೊದಲ ಎಡೆ. ಒಳಗೆ ಅವರ ಪಂಚೆ, ಬೀಡಿ, ಎಲೆಅಡಿಕೆ ಇಟ್ಟು ಪೂಜೆಯಾಯಿತು. ಮುಂಬಾಗಿಲ ಹೆಂಚಿನ ಮೇಲೆ ಕಾಗೆಗೆ ಎಲೆ ಇಟ್ಟರು. ಅದರಲ್ಲಿ ವಡೆ, ಕಜ್ಜಾಯ, ಮುದ್ದೆ, ಮಾಂಸದ ಸಾರು ಎಲ್ಲ ಇದ್ದವು. ಕಾಗೆ ಮುಟ್ಟದೆ ಮನೆಯವರು ಊಟ ಮಾಡುವಂತಿಲ್ಲ. ಸಾರಿನ ವಾಸನೆಗೆ ಮಕ್ಕಳು ಅಳು ಶುರುಮಾಡಿದವು.

ಕಾಗೆ ಬರಲಿಲ್ಲ. ದೊಡ್ಡಪ್ಪ ಕಾ ಕಾ ಎಂದು ಗಂಟಲು ಹರಿದುಕೊಂಡರು. ಕಾಗೆಗಳೇನೋ ಇದ್ದವು. ಹಿಂದಿನ ಹಲಸಿನ ಮರದ ತುಂಬ ಕೂತಿದ್ದವು, ಆದರೆ ಎಲ್ಲವೂ ಕೊಟ್ಟಿಗೆಯ ಕಡೆಗೆ ಮುಖಮಾಡಿ.

ಕಾಗೆ ಬಾರದಿದ್ದರೆ ಸತ್ತವರಿಗೆ ಏನೋ ಕೊರಗಿದೆ ಎಂದು ಅರ್ಥ. ಆ ಕೊರಗು ಏನೆಂದು ಊಹಿಸಿ ಗಟ್ಟಿಯಾಗಿ ಮಾತು ಕೊಡಬೇಕು. ಯಾವ ಮಾತಿಗೆ ಕಾಗೆ ಇಳಿಯುತ್ತದೋ ಆ ಮಾತನ್ನು ನಡೆಸಲೇಬೇಕು. ದೊಡ್ಡಪ್ಪ ಕೈಮುಗಿದರು.

"ಕೊಟ್ಟಿಗೆಗೆ ಹೊಸ ಹೆಂಚು ಆಕುಸ್ತೀನಿ ಕಣಪ್ಪ, ಬಾ!"

ಕಾಗೆ ಅಲುಗಲಿಲ್ಲ.

"ಕೆರೆ ಕೆಳಗಿನ ಬದುವಿನ ಜಗಳ ಬುಟ್ಬುಡ್ತೀನಿ!"

ಅದಕ್ಕೂ ಬರಲಿಲ್ಲ. ಪಕ್ಕದ ಮನೆಯವನು ಮಾತ್ರ ಗೋಡೆಯಾಚೆಯಿಂದ, "ಕಾಗೆ ಬರ್ದೇ ಇದ್ರೂ ಅದೊಂದು ಮಾತು ನಡೆಸ್ಬುಡಣ್ಣೋ!" ಎಂದ.

ಪಟ್ಟಣದಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. "ನಂಗೊತ್ತು ಕಣ್ಲಾ ಅಣ್ಣಯ್ಯನ ಕೊರಗು. ಎಣ್ಮಗೀನ ಕಾನ್ಮೆಂಟಿಗಾಕಿ ಕೆಡುಸ್ಬುಟ್ನಲ್ಲಾ ಅಂತ. ಇನ್ಮೇಲೆ ಕಳಿಸಾಕಿಲ್ಲ ಅಂತ ಏಳು, ಈಗ್ಲೇ ಬತ್ತಾನೆ."

ದೊಡ್ಡಪ್ಪ ನನ್ನನ್ನು ನೋಡಿದರು, ಆಮೇಲೆ ಅಳುವ ಮಕ್ಕಳನ್ನು. ನಾನು ಮಾತ್ರ ಮರದ ಕಡೆಯೇ ನೋಡುತ್ತಿದ್ದೆ. ಒಂದು ಕಾಗೆ ಕೊಂಬೆಯ ಮೇಲೆ ಸರಿದು ರೆಕ್ಕೆ ಬಿಚ್ಚಿತು. ದೊಡ್ಡಪ್ಪ ಬಾಯಿ ತೆರೆಯುವ ಹೊತ್ತಿಗೆ ಅದೇನಾದರೂ ಹಾರಿ ಬಂದುಬಿಟ್ಟರೆ? "ಪ್ಲೀಸ್ ಗಾಡ್, ನಾಟ್ ನೌ" ಎಂದು ಕಾನ್ವೆಂಟಿನ ದೇವರಿಗೂ ಬಸವಣ್ಣನ ಗುಡಿಗೂ ಒಟ್ಟಿಗೇ ಅರ್ಜಿ ಹಾಕಿದೆ.

"ತಡಿಯೋ, ಬಾಯಿ ಬುಡ್ಬೇಡ," ಎಂದರು ಅಜ್ಜಿ. ಮಧ್ಯಾಹ್ನದ ಹೊತ್ತು ನಿದ್ದೆ ಮಾಡಿದ ಹಾಗೆ ಕಿಟಕಿಯ ಬಳಿ ಮಲಗಿ ಅವರು ನಮ್ಮ ಆಟವನ್ನೆಲ್ಲ ನೋಡುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಒಳಗಿನಿಂದ ಎನಾಮಲ್ ಲೋಟ ಮತ್ತು ಚಮಚ ತಂದು ನನ್ನ ಕೈಗಿಟ್ಟರು. "ನೀನು ಕರಿ. ದಿನಾ ಎಲ್ಲಾ ಸೇರಿ ಕರೀತೀರಲ್ಲ, ಅಂಗೇ."

ಲೋಟ ಬಡಿದೆ. "ಕರ್ನಲ್, ಟೀ ಈಸ್ ರೆಡಿ!"

ಒಂದಲ್ಲ, ಮರಕ್ಕೆ ಮರವೇ ಎದ್ದು ಬಂತು. ಅಂಗಳದ ಮೇಲೆ ಕಪ್ಪು ನೆರಳು ಹಾಯಿತು, ಹೆಂಚು ಖಣಖಣ ಎಂದವು. ಒಂದು ಕಾಗೆ ವಡೆ ಕಚ್ಚಿಕೊಂಡು ಹಾರಿ, ಸೀದಾ ಪಕ್ಕದ ಮನೆಯ ಅಂಗಳದಲ್ಲಿ ಬೀಳಿಸಿತು. "ತಪ್ಪು ಮನೆ! ತಪ್ಪು ಮನೆ!" ಎಂದು ದೊಡ್ಡಪ್ಪನ ಚಿಕ್ಕ ಮಗಳು ಕುಣಿದಾಡಿದಳು. ಕರ್ನಲ್ ಅಲ್ಲದೆ ಇನ್ಯಾರು!

ಪಟ್ಟಣದಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟಿದ್ದರು. ಕಣ್ಣಲ್ಲಿ ದಳದಳ ನೀರು. "ಅಯ್ಯೋ ನನ್ನಪ್ಪ! ಅಷ್ಟೊತ್ತಿಂದ ಕನ್ನಡದಲ್ಲಿ ಬಡ್ಕೊಂಡ್ರೂ ಬರ್ನಿಲ್ಲ, ಇಂಗ್ಲೀಸ್ನಲ್ಲಿ ಕರುದ್ರೆ ಓಡ್ಬಂದ ನೋಡ್ರೋ! ಮೊಮ್ಮಗಳ ಇಂಗ್ಲೀಸ್ ಕೇಳ್ಬೇಕಂತ ಕಾಯ್ಕೊಂಡು ಕುಂತಿದ್ದ ಕಣ್ರೋ!" ಎಂದವರು ಗಕ್ಕನೆ ದೊಡ್ಡಪ್ಪನ ಕಡೆ ತಿರುಗಿದರು. "ಏನ್ಲಾ ನೋಡ್ತಾ ನಿಂತೆ? ಅವಳ ಟ್ರಂಕು ಇಳುಸ್ಲಾ ಅಟ್ಟದಿಂದ. ಇಸ್ಕೂಲು ಬುಡುಸ್ಗಿಡುಸಿದ್ರೆ ನಾನು ಸುಮ್ಕಿರಾಕಿಲ್ಲ!"

ದೊಡ್ಡಪ್ಪ, "ಮೊದ್ಲು ಉಣ್ಣಾನ ಅತ್ತೆ, ಆಮೇಲೆ ಇಳುಸ್ತೀನಿ" ಎಂದರು. ಅಜ್ಜಿಯ ಕೈಯಿಂದ ನನ್ನ ಎಲೆಗೆ ಎರಡನೆಯ ಕಜ್ಜಾಯ ಬಿತ್ತು.

ಕಾಗೆಗಳಿಗೆ ನಾವು ಆ ಕರೆಯನ್ನು ರೂಢಿ ಮಾಡಿಸಿದ್ದೆವು ಎಂದು ಈಗ ಯಾರಾದರೂ ವಿವರಿಸಬಹುದು. ಕರೆಕ್ಟೇ. ಆದರೆ ಸಂಜೆಗೂ ಗುಡ್ ಮಾರ್ನಿಂಗ್ ಹೇಳಿಸುತ್ತಿದ್ದ ತಾತನನ್ನು ನೆನೆದರೆ, ಪಟ್ಟಣದಜ್ಜಿಯ ವಿವರಣೆಯೂ ಪೂರ್ತಿ ನಾನ್‌ಸೆನ್ಸ್ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಸುದ್ದಿಯನ್ನು ಊರೂರಿಗೆ ಹಂಚಿದವರೂ ಅವರೇ. ಅವರ ಸೊಸೆಯರು, ಸೊಸೆಯರ ತಂಗಿಯರು ಹೀಗೆ ಹೆಣ್ಣುಮಕ್ಕಳ ಜೊತೆ ಕರ್ನಲಪ್ಪ ಕೆ.ಆರ್. ನಗರಕ್ಕೆ, ಹುಣಸೂರಿಗೆ, ಎಚ್.ಡಿ. ಕೋಟೆಗೆ ಹೋದ. ಮನೆಯಲ್ಲಿ ಚಮಚ ಕಾಣದಿದ್ದರೆ "ಕರ್ನಲಪ್ಪ ಎತ್ಕೊಂಡೋಗವ್ನೆ" ಎನ್ನುವುದನ್ನು ನಾನೇ ಬಸ್ಸಿನಲ್ಲಿ ಕೇಳಿದ್ದೇನೆ. ಪುಸ್ತಕ ಹಾಳೆಹಾಳೆಯಾಗಿ ಎಂದೋ ಹೋಯಿತು. ನನ್ನ ಮೊಮ್ಮಗಳು ಫೋನಿನಲ್ಲಿ ಎಷ್ಟು ಹುಡುಕಿದರೂ ಅದರ ಸುಳಿವಿಲ್ಲ. ಹುಟ್ಟಿದ ಇಂಗ್ಲೆಂಡ್ ಅವನನ್ನು ಮರೆತೇಬಿಟ್ಟಿದೆಯೋ ಏನೋ.

ರಜೆ ಮುಗಿದು ಹಂಪಾಪುರದಲ್ಲಿ ಬಸ್ಸು ಹತ್ತುವಾಗ ಪಟ್ಟಣದಜ್ಜಿ ಕಿಟಕಿಯ ಹತ್ತಿರ ಬಂದು ಕಜ್ಜಾಯದ ಗಂಟು ತುರುಕಿದರು. "ಚೆನ್ನಾಗಿ ಕಲೀ ಕಣವ್ವ. ನಾಳೆ ನಾನು ಸತ್ರೆ ಕರಿಯಾಕೆ ಯಾರವ್ರೆ? ಆದ್ರೆ ಟೀ ಅನ್ಬೇಡ, ನಂಗೆ ಸೇರಾಕಿಲ್ಲ."

ನಾನು ಕಾಲೇಜಿನಲ್ಲಿದ್ದಾಗ ಅವರು ಹೋದರು. ಪಿರಿಯಾಪಟ್ಟಣದ ಅವರ ಮನೆಯ ಹೆಂಚಿನ ಮೇಲೆ ಎಲೆ ಇಟ್ಟು, ನೆಂಟರೆಲ್ಲ ಸುಮ್ಮನೆ ನನ್ನ ಮುಖ ನೋಡಿದರು. ಲೋಟ ಕೈಗೆ ಬಂತು.

"ಮೇಡಮ್, ಕಾಫಿ ಈಸ್ ರೆಡಿ!" ಎಂದೆ.

ಕಾಯಿಸಲಿಲ್ಲ, ಬಂದೇಬಿಟ್ಟರು.