ಖಾಲಿ ಕೋಣೆಯಲ್ಲಿ ಮಗ್ಗದ ಸದ್ದು

ನನ್ನ ಮೊಮ್ಮಗಳು ಗೀತಾಳ ನಾಟಕವನ್ನು ರೇಡಿಯೊದವರು ಒಪ್ಪಿಕೊಂಡಿದ್ದಾರೆ. ಇವತ್ತು ಮಧ್ಯಾಹ್ನ ಫೋನ್ ಬಂತು. ಬನಹಟ್ಟಿಯ ನಮ್ಮ ಓಣಿಯಲ್ಲಿ ನಾನು ಸಕ್ಕರೆ ಕೊಡದ ಮನೆ ಉಳಿದಿಲ್ಲ. ಕಲಿತದ್ದು ಮೂರನೇ ಇಯತ್ತೆ, ಆದರೂ ಇದನ್ನು ಬರೆಯಲೇಬೇಕು. ಯಾಕೆಂದರೆ ಆ ನಾಟಕದೊಳಗೆ ಒಂದು ಸದ್ದಿದೆ, ಅದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ದೆವ್ವ ಗಿವ್ವ ಎಂದವರನ್ನು ನಕ್ಕು ಕಳಿಸುತ್ತಿದ್ದವಳು ನಾನು.

ಗೀತಾ ಬರೆಯುವುದು ಬರೀ ಕಿವಿಯಿಂದ ಕೇಳುವ ನಾಟಕ. ಅವಳ ದೆವ್ವದ ಕಥೆ ಎರಡು ಸಲ ವಾಪಸ್ ಬಂದಿತ್ತು. ಕಿರುಚಾಟ, ಬಾಗಿಲು ಕಿರ್ರೆನ್ನುವುದು ಎಲ್ಲರೂ ಮಾಡುತ್ತಾರೆ, ಹೊಸದೇನಿದೆ ಎಂದಿದ್ದರಂತೆ. ಮೂರನೇ ಸಲವೂ ಬಂದರೆ ಬರೆಯುವುದನ್ನೇ ಬಿಡುತ್ತೇನೆ ಎಂದು ಹುಡುಗಿ ಸರಿಯಾಗಿ ಉಣ್ಣುತ್ತಲೂ ಇರಲಿಲ್ಲ.

ನಮ್ಮ ಓಣಿಯಲ್ಲಿ ಪವರ್‌ಲೂಮ್ ನಿಲ್ಲುವುದು ಅಮಾವಾಸ್ಯೆಗೆ. ಅದಕ್ಕೇ ಆ ದಿನ ಮಧ್ಯಾಹ್ನ ರೆಕಾರ್ಡಿಂಗ್ ಇಟ್ಟುಕೊಂಡಳು. ಮೊದಲು ಖಾಲಿ ಕೋಣೆಯ ಮೌನವನ್ನು ಹಿಡಿಯಬೇಕಂತೆ, ಆಮೇಲೆ ಮಾತಿನ ಕೆಳಗೆ ಅದನ್ನು ಹಾಸುತ್ತಾರಂತೆ. ಹಿಂದಿನ ಕೋಣೆಯಲ್ಲಿ ಮೊಬೈಲ್ ಇಟ್ಟು, ಬಾಗಿಲು ಹಾಕಿ, ನಾವಿಬ್ಬರೂ ಹೊರಗೆ ಉಸಿರು ಬಿಗಿಹಿಡಿದು ಕೂತೆವು. ಏನೂ ಕೇಳಲಿಲ್ಲ.

ಮೊಬೈಲ್ ತಂದು ಹಚ್ಚಿದರೆ ಅದರೊಳಗೆ ಮಗ್ಗ ನಡೆಯುತ್ತಿತ್ತು. ಎರಡು ಬಡಿತ, ಒಂದು ತಡೆ. ಮತ್ತೆ ಎರಡು ಬಡಿತ, ತಡೆ.

ನನ್ನ ಯಜಮಾನರು ನೇಯುತ್ತಿದ್ದದ್ದು ಹಾಗೆಯೇ. ಎಡಗೈ ನೋವಿತ್ತು, ಎರಡು ಬಡಿತಕ್ಕೊಮ್ಮೆ ಜಾಡಿಸಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ವರ್ಷವೇ ಆ ಕೈಮಗ್ಗ ಬಿಚ್ಚಿ, ಕಾಲು ಇಳಿಬಿಡುವ ಕುಣಿ ಮುಚ್ಚಿ, ಗಚ್ಚು ಹಾಕಿಸಿದ್ದೆವು. ಗೀತಾ ಆಗ ಹುಟ್ಟಿಯೇ ಇರಲಿಲ್ಲ. ಬಾಗಿಲು ತೆರೆದು ನೋಡಿದೆ, ನೂಲಿನ ಚೀಲ ಬಿಟ್ಟರೆ ಏನಿಲ್ಲ. ಅಕ್ಕಪಕ್ಕದ ಮನೆಗಳಿಗೂ ಹೋಗಿ ಕೇಳಿ ಬಂದೆ. ಯಾರೂ ಮಗ್ಗ ಮುಟ್ಟಿರಲಿಲ್ಲ.

"ಆಯಿ, ಅಳಸಿಬಿಡ್ಲೇನ? ನಂಗ ಅಂಜಿಕಿ ಬರಾಕತ್ತೇತಿ" ಎಂದಳು ಗೀತಾ.

"ನಿಮ್ಮ ಅಜ್ಜಾರು ಜೀವಂತ ಇದ್ದಾಗ ಬೆಕ್ಕಿಗೆ ಸೈತ ಗದರಲಿಲ್ಲ, ಈಗ ನಿನ್ನ ಹೆದರಸ್ತಾರೇನ್ ಬೇ? ದೆವ್ವ ಅಂದ್ರ ಒದರಾಕ ಬೇಕಂತ ಯಾರ ಹೇಳ್ಯಾರ? ಮನಿ ಮನಷ್ಯಾ ಬಂದ್ರ ಬಿಟ್ಟ ಕೆಲಸಾ ಮಾಡಾಕ ಬರ್ತಾನ. ಹಂಗ ಬರಿ."

ಬಾಯಿ ಹಾಗೆ ಹೇಳಿತು. ಆ ರಾತ್ರಿ ಮಾತ್ರ ಹಿಂದಿನ ಕೋಣೆಯ ದೀಪ ಆರಿಸಲಿಲ್ಲ.

ಅವಳು ಕಿರುಚಾಟವನ್ನೆಲ್ಲ ತೆಗೆದು, ಆ ಮಗ್ಗದ ಸದ್ದನ್ನು ಇಟ್ಟುಕೊಂಡಳು. ಅರ್ಧಕ್ಕೇ ಸೀರೆ ಬಿಟ್ಟು ಹೋದ ನೇಕಾರ ಅದನ್ನು ಮುಗಿಸಲು ಬರುತ್ತಾನೆ, ಮನೆಯವರು ಅವನಿಗೊಂದು ಕಪ್ ಚಹಾ ಇಡುತ್ತಾರೆ. ಅಷ್ಟೇ ಕಥೆ. ದೆವ್ವದ ಕಥೆಯೋ ಸಂಸಾರದ ಕಥೆಯೋ ತಿಳಿಯಲಿಲ್ಲ, ಅದಕ್ಕೇ ಆರಿಸಿದೆವು ಎಂದರಂತೆ ಇವತ್ತು ಫೋನಿನಲ್ಲಿ.

ಸದ್ದಿನ ವಿಷಯ ನನ್ನ ಮಗನಿಗೆ, ಎಂದರೆ ಗೀತಾಳ ಅಪ್ಪನಿಗೆ, ನಾವು ಹೇಳಿರಲಿಲ್ಲ. ಸಂಜೆ ಎಲ್ಲರೂ ಉಣ್ಣಲು ಕೂತಾಗ ಅವಳು ನಾಟಕ ಹಚ್ಚಿದಳು. ಸದ್ದು ಬರುತ್ತಿದ್ದಂತೆ ಮಗನ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು.

"ಯವ್ವಾ, ಅಪ್ಪಾ ಕೈ ಜಾಡಸಾಕತ್ತಾನಲ್ಲ" ಎಂದ.

ಅವನ ಹೋಳಿಗೆಗೆ ತುಪ್ಪ ಹಾಕಿ, ಆರುವ ಮೊದಲು ಉಣ್ಣು ಎಂದೆ. ಎಲ್ಲರೂ ಉಂಡೆವು. ನಾಟಕ ಮುಗಿಯುವವರೆಗೆ ಯಾರೂ ತಾಟಿನ ಸದ್ದು ಮಾಡಲಿಲ್ಲ.