ಮುದ್ದಿ ಕೂರದ ಬೆಂಚು

ದುಬಾರೆಯ ಎದುರು ದಡದಿಂದ ಎರಡು ಮೈಲಿ ಒಳಗಿದ್ದ ಆ ಕಾಫಿ ತೋಟದ ಆಫೀಸಿನಲ್ಲಿ, ಗೋಡೆಗೆ ಒತ್ತಿ ಹಾಕಿದ ಒಂದು ಬೀಟೆಯ ಬೆಂಚಿತ್ತು. ಕೆಲಸಗಾರರು ಯಾರೂ ಅದರ ಮೇಲೆ ಕೂರುತ್ತಿರಲಿಲ್ಲ. ಕೂರಬಾರದೆಂದು ಯಾರೂ ಬರೆದು ಹಾಕಿರಲಿಲ್ಲ. ದೊರೆಯ ಮುಂದೆ ನಿಂತೇ ಮಾತಾಡುವುದು ರೂಢಿ. ಕೂರಿಸುತ್ತಿದ್ದದ್ದು ಕೆಲಸದಿಂದ ತೆಗೆಯುವ ದಿನ ಮಾತ್ರ. ರೈಟರು, ಎಂದರೆ ತೋಟದ ಗುಮಾಸ್ತರು, ಕಾಗದ ಓದಿ ಹೇಳಿ, ಮಸಿಯ ಪ್ಯಾಡನ್ನು ಮುಂದಿಟ್ಟು, ಹೆಬ್ಬೆಟ್ಟು ಒತ್ತಿಸಿಕೊಳ್ಳುವಷ್ಟು ಹೊತ್ತಿನ ಕೂರುವಿಕೆ ಅದು. ಕೂಲಿಗಳ ಸಾಲುಮನೆಗಳಲ್ಲಿ, ಎಂದರೆ ಲೈನುಗಳಲ್ಲಿ, ಅದನ್ನು ಚೀಟಿ ಹರಿಯುವುದು ಎನ್ನುತ್ತಿದ್ದರು.

ಎರವ ಬುಡಕಟ್ಟಿನ ಮುದ್ದಿ ಹುಟ್ಟಿದ್ದು ಆ ಲೈನಿನಲ್ಲೇ. ನಲವತ್ತರ ಆಸುಪಾಸಿನ ಆಕೆಗೆ ತನ್ನವರ ಮಾತಿನ ಜೊತೆಗೆ ಕನ್ನಡ, ಮಲಯಾಳ, ತಮಿಳು ಮೂರೂ ಬರುತ್ತಿದ್ದವು. ಬೇರೆ ಬೇರೆ ಊರುಗಳಿಂದ ಬಂದವರ ನಡುವೆ ಹಣ್ಣು ಕೊಯ್ಯುತ್ತ ಕೊಯ್ಯುತ್ತ ಕಲಿತ ಭಾಷೆಗಳು. ಆರು ವರ್ಷದ ಹಿಂದೆ ಅವಳ ಗಂಡನನ್ನು ಆ ಬೆಂಚಿನ ಮೇಲೆ ಕೂರಿಸಿದ್ದರು. ವಯನಾಡಿಗೆ ಕೆಲಸ ಹುಡುಕಿಕೊಂಡು ಹೋದವನು ಮರಳಿ ಬರಲಿಲ್ಲ. ಮಸ್ಟರ್ ಎಂಬ ಹಾಜರಿ ಪುಸ್ತಕದಲ್ಲಿ ಮುದ್ದಿಯ ಹೆಸರು ಉಳಿದಿದ್ದರಿಂದ ಲೈನಿನ ಕೋಣೆಯೂ ಉಳಿಯಿತು. ಆ ಕೋಣೆಯಲ್ಲಿ ಸೊಂಟ ಮುರಿದುಕೊಂಡು ಮೂಲೆ ಹಿಡಿದ ಅವಳ ತಾಯಿಯಿದ್ದಳು. ಹೆಸರು ಹೋದರೆ ಕೋಣೆ ಹೋಗುತ್ತದೆ, ಕೋಣೆ ಹೋದರೆ ತಾಯಿಯನ್ನು ಹೊತ್ತುಕೊಂಡು ಎಲ್ಲಿಗೂ ಹೋಗುವಂತಿಲ್ಲ. ಮುದ್ದಿಯ ಬದುಕೆಲ್ಲ ಈ ಒಂದು ಲೆಕ್ಕಾಚಾರದ ಮೇಲೆ ನಿಂತಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷ ಕಳೆದಿತ್ತು. ಬಿಳಿಯ ದೊರೆ ಹಡಗು ಹತ್ತಿದ್ದ. ಅವನ ಕುರ್ಚಿಗೆ ಬೊಂಬಾಯಿಯಿಂದ ಬಂದ ಹೊಸ ಮ್ಯಾನೇಜರನಿಗೆ ಕನ್ನಡ ಬಾರದು. ಆದರೆ ತೋಟದ ಮಾತನ್ನೇ ಬದಲಿಸುವ ಹಟ ಅವನದು. ಯಾರನ್ನೂ ಜಾತಿ ಹಿಡಿದು ಕರೆಯಕೂಡದು, ಏಕವಚನ ಕೂಡದು, ಪ್ರತಿ ಲೈನಿನಿಂದ ಒಬ್ಬರು ತಿಂಗಳಿಗೊಮ್ಮೆ ತನ್ನೆದುರು ಕುಳಿತು ಕುಂದುಕೊರತೆ ಹೇಳಬೇಕು ಎಂದು ಆಜ್ಞೆ ಹೊರಡಿಸಿದ. ಆಜ್ಞೆ ಇಂಗ್ಲಿಷಿನಲ್ಲಿತ್ತು. ಅದನ್ನು ನಡೆಸಬೇಕಾದವರು ರೈಟರ್ ಸಾಂತಪ್ಪ. ಅರೆಭಾಷೆಯ ಗೌಡರಾದ ಸಾಂತಪ್ಪ ಇಪ್ಪತ್ತು ವರ್ಷದಿಂದ ದೊರೆಗೂ ಕೂಲಿಗಳಿಗೂ ನಡುವಿನ ನಾಲಗೆಯಾಗಿದ್ದರು.

ಸೋಮವಾರ ಬೆಳಿಗ್ಗೆ ಹೆಸರು ಕೂಗುವ ಮಸ್ಟರಿನಲ್ಲಿ, "ಏ ಎರವತಿ ಮುದ್ದೀ" ಎನ್ನುತ್ತಿದ್ದ ಅದೇ ಗಂಟಲು, "ಮುದ್ದಮ್ಮನವರು" ಎಂದಿತು.

ಮುದ್ದಿ ನಿಂತಲ್ಲೇ ನಿಂತಳು. ಗಂಡನನ್ನು ಬೆಂಚಿಗೆ ಕರೆದ ದಿನವೂ ಸಾಂತಪ್ಪ ಹೀಗೇ ಮೆತ್ತಗಾಗಿದ್ದರು.

"ಎಂತಕ್ಕೆ ಹಂಗೆ ನಿಂತಿದ್ದಿ ಮುದ್ದಮ್ಮನೋರೇ?" ಪಕ್ಕದ ಕೋಣೆಯ ಕೆಂಚಿ ಬುಟ್ಟಿಯಿಂದ ತಿವಿದಳು. "ರೈಟ್ರಯ್ಯ ನಿನ್ನನ್ನೇ ಹೆಣ್ಣು ಕೇಳ್ತಾರೋ ಏನೋ."

"ನಗಬೇಡ. ಬೆಲ್ಲ ಹಾಕಿದ ಮೇಲೆ ಬಲೆ ಎಲ್ಲೋ ಉಂಟು."

"ಬಲೆ ಬಿದ್ರೆ ನಿಂಗೇ. ನಮ್ಮ ಲೈನಿಂದ ಆಫೀಸಿಗೆ ಹೋಗೋದಕ್ಕೆ ನಿನ್ನ ಹೆಸರೇ ಹೇಳಿದ್ದೇವೆ."

"ನೀವು ಎಂತಕ್ಕೆ ಹೋಗುದಿಲ್ಲ?"

ಕೆಂಚಿ ಕಣ್ಣು ತಪ್ಪಿಸಿದಳು. "ನಿಂಗೆ ನಾಕು ಮಾತು ಬರ್ತದಲ್ಲ."

ಕೊಯ್ಲಿನ ಉದ್ದಕ್ಕೂ ಮುದ್ದಿ ಇದನ್ನೇ ಮೆಲುಕು ಹಾಕಿದಳು. ಎರಡು ದಿನ ಕಳೆಯುವುದರೊಳಗೆ ತಮಿಳರ ಲೈನಿನವರು ಅವಳೆದುರು ಮಾತು ನಿಲ್ಲಿಸತೊಡಗಿದರು. ಒಳಗಿನ ಸುದ್ದಿ ಮುಟ್ಟಿಸಲು ಆಫೀಸೇ ಅವಳನ್ನು ಆರಿಸಿಕೊಂಡಿದೆ ಎಂಬುದು ಅವರ ಅನುಮಾನ. ಸಾಂತಪ್ಪನವರಿಗೋ, ಕೂಲಿಗಳು ನೇರವಾಗಿ ಮಾತಾಡಿದರೆ ತನ್ನಂಥವನು ಏಕೆ ಬೇಕೆಂಬ ಚಿಂತೆ.

ಗುರುವಾರ ಮಧ್ಯಾಹ್ನ ಮುದ್ದಿ ಆಫೀಸಿನ ಬಾಗಿಲಲ್ಲಿ ನಿಂತಳು. ಉಳಿದ ಲೈನುಗಳಿಂದ ಯಾರೂ ಬಂದಿರಲಿಲ್ಲ. ಮ್ಯಾನೇಜರ್ ಮುಗುಳ್ನಕ್ಕು ಬೆಂಚಿನತ್ತ ಕೈ ತೋರಿಸಿದ. ಮೇಜಿನ ಮೇಲೆ ಮಸಿಯ ಪ್ಯಾಡು ಎಂದಿನಂತೆ ಇತ್ತು. ಮುದ್ದಿ ಎರಡೂ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಕೂತ್ಕೊಳ್ಳಿ," ಎಂದರು ಸಾಂತಪ್ಪ.

"ನಿಂತೇ ಹೇಳ್ತೇನೆ ಅಯ್ಯ."

"ಎಂತ ಮಾರಾಯ್ತಿ, ಬೆಂಚಿಗೆ ಮುಳ್ಳು ಉಂಟಾ? ದೊರೆ ಹೇಳುವಾಗ ಕೂರ್ಲಿಕ್ಕೆ ಎಂತ ದಾಡಿ?"

ಮ್ಯಾನೇಜರನ ನಗೆ ಮಾಸಿತು. ಅವನು ಸಾಂತಪ್ಪನವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ: "ನೀವು ಇವಳನ್ನು ಹೆದರಿಸಿದ್ದೀರಾ?"

ಸಾಂತಪ್ಪನವರ ಮುಖ ಕಪ್ಪಿಟ್ಟಿತು. ಇಂಗ್ಲಿಷು ತಿಳಿಯದಿದ್ದರೂ ಆ ಮುಖ ಮುದ್ದಿಗೆ ತಿಳಿಯಿತು. ಆ ಮನುಷ್ಯನೂ ಇಪ್ಪತ್ತು ವರ್ಷದಿಂದ ಇದೇ ಕೋಣೆಯಲ್ಲಿ ನಿಂತೇ ಇದ್ದಾನಲ್ಲ ಎಂಬುದು ಅವಳಿಗೆ ಹೊಳೆದದ್ದು ಆಗಲೇ.

"ನೀವೂ ಕೂತ್ಕೊಳ್ಳಿ ರೈಟ್ರಯ್ಯ," ಎಂದಳು. "ಚೀಟಿ ಹರಿಯುದಾದ್ರೆ ಇಬ್ಬರದೂ ಒಟ್ಟಿಗೆ ಹರೀಲಿ. ನನ್ನ ಗಂಡನ್ನ ಕೂರಿಸಿ ಕಾಗದ ಓದಿದ್ದು ನೀವೇ ಅಲ್ವಾ?"

ಸಾಂತಪ್ಪ ಬೆಂಚನ್ನು ನೋಡಿದರು, ಕೂರಲಿಲ್ಲ.

"ಏನಂದಳು?" ಎಂದ ಮ್ಯಾನೇಜರ್.

ಕೂಲಿಗಳ ಮಾತನ್ನು ದೊರೆಗೆ ಒಪ್ಪುವಂತೆ ಕತ್ತರಿಸಿ ಕೊಡುವುದೇ ಸಾಂತಪ್ಪನವರ ವೃತ್ತಿಯಾಗಿತ್ತು. ಅಂದು ಅವರು ಏನನ್ನೂ ಕತ್ತರಿಸಲಿಲ್ಲ. ಬೆಂಚು ಯಾವುದಕ್ಕೆಂದು ಹೇಳಿದರು. ಅದರ ಮೇಲೆ ಇವಳ ಗಂಡ ಕೂತಿದ್ದನೆಂದು, ಆ ಕಾಗದ ಬರೆದು ಓದಿದವನು ತಾನೇ ಎಂದೂ ಹೇಳಿದರು. ತಾನೂ ಅದರ ಮೇಲೆ ಕೂರಲಾರೆ ಎಂಬುದನ್ನು ಮಾತ್ರ ಸ್ವಲ್ಪ ತಡೆದು, ನೆಲ ನೋಡುತ್ತ ಹೇಳಿದರು.

ಮ್ಯಾನೇಜರ್ ಕುರ್ಚಿ ಹಿಂದೆ ಸರಿಸಿದ. ಆಮೇಲೆ ಎದ್ದು ಬಂದು ಬೆಂಚಿನ ಒಂದು ತುದಿಯಲ್ಲಿ ತಾನೇ ಕೂತ. ಸಾಂತಪ್ಪ ಇನ್ನೊಂದು ತುದಿಗೆ ಅರ್ಧ ತೊಡೆಯೂರಿದರು. ಮುದ್ದಿ ನಿಂತೇ ಇದ್ದಳು. ದೊರೆ ಕೂತರೂ ದೊರೆಯ ಹೆಸರು ಮಸ್ಟರ್ ಪುಸ್ತಕದಲ್ಲಿ ಇರುವುದಿಲ್ಲವಷ್ಟೆ.

"ನಿಮ್ಮ ದೂರು ಏನು ಅಂತ ಕೇಳ್ತಾರೆ," ಎಂದರು ಸಾಂತಪ್ಪ.

"ಈ ಬೆಂಚು ಹೊರಗೆ ಹಾಕಿಸಿ. ಮಸ್ಟರಿನ ಅಂಗಳದಲ್ಲಿ. ಬಸುರಿಯರು ಕೂತ್ಕೊಳ್ಳಲಿ."

"ಅಷ್ಟೇನಾ?"

"ನಾಳೆ ಬೆಳಿಗ್ಗೆ ನನ್ನ ಹೆಸರು ಕೂಗ್ತೀರೋ ಇಲ್ವೋ ನೋಡಿಕೊಂಡು ಮಿಕ್ಕಿದ್ದು ಹೇಳ್ತೇನೆ."

ಶುಕ್ರವಾರ ಬೆಳಗಿನ ಮಂಜಿನಲ್ಲಿ ಬೆಂಚು ಅಂಗಳಕ್ಕೆ ಬಂದಿತ್ತು. "ಮುದ್ದಿ" ಎಂದು ಕೂಗಿದರು ಸಾಂತಪ್ಪ. ಹಿಂದೆ ಜಾತಿಯಿಲ್ಲ, ಮುಂದೆ ಅಮ್ಮನವರೂ ಇಲ್ಲ. ಅದೇ ಒರಟು ಗಂಟಲು ಕೇಳಿ ಮುದ್ದಿಯ ಮುಷ್ಟಿ ಸಡಿಲವಾಯಿತು. ಪುಸ್ತಕದಲ್ಲಿ ತಾನಿದ್ದೇನೆ. "ಇದ್ದೇನೆ ಅಯ್ಯ," ಎಂದಳು.

ಆದರೂ ಬೆಂಚಿನ ಮೇಲೆ ಯಾರೂ ಕೂರಲಿಲ್ಲ. ಏಳು ತಿಂಗಳ ಬಸುರಿಯೊಬ್ಬಳು ಅದರ ಪಕ್ಕದಲ್ಲೇ ನೆಲದ ಮೇಲೆ ಕೂತಳು. "ಚೀಟಿ ಹರಿಯುದಾದ್ರೆ ಹೆರಿಗೆ ಕಳೆದ ಮೇಲೆ ಹರೀಲಿ," ಎಂದಳು ಕೆಂಚಿ ಅವಳ ಪರವಾಗಿ. ಹೀಗೇ ಎರಡು ವಾರ.

ಮೂರನೆಯ ಸೋಮವಾರ ಮುದ್ದಿ ತಾಯಿಯನ್ನು ಬೆನ್ನ ಮೇಲೆ ಹೊತ್ತು ಅಂಗಳಕ್ಕೆ ತಂದಳು. ಬಿಸಿಲು ಕಾಣದೆ ಮುದುಕಿ ಬಿಳಿಚಿಕೊಂಡಿದ್ದಳು. ಬೆಂಚಿನ ನಟ್ಟನಡುವೆ ಇಳಿಸಿದಾಗ ಎಲ್ಲರೂ ತಿರುಗಿ ನೋಡಿದರು. ಸಾಂತಪ್ಪ ಪುಸ್ತಕದಿಂದ ತಲೆಯೆತ್ತಿದರು.

ಮುದುಕಿ ಎಲ್ಲರನ್ನೂ ಒಮ್ಮೆ ನೋಡಿ, ಬೀಟೆಯ ಹಲಗೆಯನ್ನು ಅಂಗೈಯಿಂದ ಸವರಿದಳು.

"ಎಂತ ನೋಡ್ತೀರಿ? ನನ್ನ ಹೆಸರು ಪುಸ್ತಕದಲ್ಲೇ ಇಲ್ಲ," ಎಂದಳು. "ನನ್ನದು ಹರಿಯಲಿಕ್ಕೆ ಎಂತ ಉಂಟು?"