ಗೇಟಿನ ಬಳಿ ಅತ್ತವರು ಯಾರು?

ಸಂಜೆ ಶಾಲೆ ಬಿಡುವ ಹೊತ್ತಿಗೆ ಯಾವುದಾದರೂ ಗೇಟಿನ ಎದುರು ನಿಂತು ನೋಡಿ: ಬೆಳಿಗ್ಗೆ ಚೀಲದ ಭಾರಕ್ಕೆ ಬಗ್ಗಿ, ಕಾಲೆಳೆದುಕೊಂಡು ಬಂದ ಮಕ್ಕಳೇ ಅದೇ ಚೀಲ ಹೊತ್ತು ಓಡೋಡಿ ಹೊರಬೀಳುತ್ತಾರೆ. ಪುಸ್ತಕಗಳ ತೂಕಕ್ಕೂ ನಾವು ನಡೆಯುವ ದಿಕ್ಕಿಗೂ ಏನೋ ಸಂಬಂಧವಿರಬೇಕು. ಕಲಬುರಗಿಯಿಂದ ತಾಜಸುಲ್ತಾನಪುರದ ಕಡೆ ಹೋಗುವ ದಾರಿಯಲ್ಲಿರುವ ನನ್ನ ಹಳೆಯ ಶಾಲೆಯಲ್ಲಿ ಮಾತ್ರ ಈ ದೃಶ್ಯ ಅರ್ಧವೇ ಕಾಣಸಿಗುತ್ತದೆ. ಅಲ್ಲಿ ಅರ್ಧ ಮಕ್ಕಳು ಆಟೋ ಹತ್ತಿ ಮನೆಗೆ ಹೋಗುತ್ತಾರೆ. ಉಳಿದವರು ಗೇಟಿನ ಸರಳು ಹಿಡಿದು ಅವರನ್ನೇ ನೋಡುತ್ತಾ ನಿಲ್ಲುತ್ತಾರೆ. ಮನೆಯಿಂದ ಬಂದುಹೋಗುವವರೂ ಬೋರ್ಡಿಂಗಿನಲ್ಲಿ ಉಂಡು ಮಲಗುವವರೂ ಒಂದೇ ಬೆಂಚಿನಲ್ಲಿ ಕೂತು ಕಲಿಯುವ ಖಾಸಗಿ ಶಾಲೆ ಅದು.

ಅದರ ಚರಿತ್ರೆಯನ್ನು ಹೇಳುವ ಮುನ್ನ ಒಂದು ಎಚ್ಚರಿಕೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ ಫಲವಾಗಿ ನನಗೆ ಯಾರು ಏನು ಹೇಳಿದರೂ ನಂಬಿಕೆ ಹುಟ್ಟುವುದಿಲ್ಲ. ಹೆಂಡತಿ ‘ಚಹಾ ಆರಿತು’ ಎಂದರೂ ಮುಟ್ಟಿ ನೋಡುವ ಸ್ವಭಾವ. ಆದರೂ ಕೇಳಿದ್ದನ್ನು ಹೇಳುತ್ತೇನೆ. ಶಾಲೆ ಈಗಿನ ಜಾಗಕ್ಕೆ ಬರುವ ಎಷ್ಟೋ ಮೊದಲು, ಶಹಾಬಜಾರದ ಇಕ್ಕಟ್ಟು ಓಣಿಯ ಹಳೆಯ ಮನೆಯೊಂದರ ಮಾಳಿಗೆಯ ಮೇಲೆ ಒಬ್ಬ ಮಾಸ್ತರರು ಯಾರ ಹಂಗೂ ಇಲ್ಲದೆ ಶಾಲೆ ತೆರೆದರಂತೆ. ಕಮಲಾಪುರದ ಕಡೆಯ ಕೆಲವು ಹುಡುಗರು ಒಂದು ಸಂಜೆ ಕೊನೆಯ ಬಸ್ಸು ತಪ್ಪಿಸಿಕೊಂಡು ಅಲ್ಲೇ ಉಳಿದರಂತೆ. ಮಾಸ್ತರರ ಹೆಂಡತಿ ಖಿಚಡಿ ಮಾಡಿ ಬಡಿಸಿದರು. ಖಿಚಡಿ ಎಷ್ಟು ರುಚಿಯಾಗಿತ್ತೆಂದರೆ ಮರುದಿನ ಇನ್ನೂ ಹೆಚ್ಚು ಹುಡುಗರಿಗೆ ಬಸ್ಸು ತಪ್ಪಿತು. ಯಾವ ಸಮಿತಿಯೂ ಠರಾವು ಮಾಡದೆ, ಯಾವ ಗಣ್ಯರೂ ದೀಪ ಹಚ್ಚದೆ ಬೋರ್ಡಿಂಗ್ ಹುಟ್ಟಿದ್ದು ಹೀಗೆ. ಈ ಕತೆ ನಿಜವಿರಬಹುದೆಂದು ನನಗೆ ಅನ್ನಿಸಲು ಒಂದೇ ಕಾರಣ: ಕಟ್ಟಿದ ಕತೆಯಾಗಿದ್ದರೆ ಕೀರ್ತಿ ಖಿಚಡಿಗೆ ಸಿಗುತ್ತಿರಲಿಲ್ಲ, ಅಧ್ಯಕ್ಷರಿಗೆ ಹೋಗುತ್ತಿತ್ತು.

ಈ ಜೂನಿನಲ್ಲಿ ಆ ಗೇಟಿನ ಮುಂದೆ ನಾನು ಮತ್ತೆ ನಿಲ್ಲಬೇಕಾಯಿತು. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಅಣ್ಣಾರಾಯ ನನ್ನ ಸಹಪಾಠಿ. ಅವನು ಬೋರ್ಡಿಂಗಿನವನು, ನಾನು ಮನೆಯಿಂದ ಬರುವವನು. ಅವನ ಮಗಳು ಭಾಗ್ಯಶ್ರೀಗೆ ಆರನೆಯ ತರಗತಿಗೆ, ಈಗ ಹುಡುಗಿಯರಿಗೂ ಇರುವ ಬೋರ್ಡಿಂಗಿನಲ್ಲಿ, ಜಾಗ ಸಿಕ್ಕಿತ್ತು. ಹುಡುಗಿ ತಾನೇ ಹಟ ಹಿಡಿದು ಪರೀಕ್ಷೆ ಬರೆದಿದ್ದಳು. ನಾವು ಮೂವರೂ ಸೂಪರ್ ಮಾರ್ಕೆಟ್ ಪೇಟೆಯ ನೂಕುನುಗ್ಗಲಿನಲ್ಲಿ ಅಲೆದು ಅವಳಿಷ್ಟದ ನೀಲಿ ಟ್ರಂಕನ್ನೂ ಕೊಂಡಿದ್ದೆವು. ಗೇಟು ಬಂದದ್ದೇ ತಡ, ಅವಳು ಟ್ರಂಕನ್ನು ಕೆಳಗಿಟ್ಟು ಅದರ ಮೇಲೆ ಕೂತುಬಿಟ್ಟಳು.

“ನಾ ಒಳಗ ಹೋಗಂಗಿಲ್ಲ.”

ಅಣ್ಣಾರಾಯ ಪೇಚಿಗೆ ಬಿದ್ದ. ಅವಳು ಬೇಡ ಎಂದರೆ ಒತ್ತಾಯ ಮಾಡುವುದಿಲ್ಲ ಎಂದು ಮನೆಯಲ್ಲಿ ಮಾತು ಕೊಟ್ಟು ಬಂದಿದ್ದ. ಈಗ ಅವಳು ‘ಊರಿಗೆ ಹೋಗೋಣ’ ಎಂದುಬಿಟ್ಟರೆ ಅವಳೇ ಬಯಸಿ ಗಳಿಸಿದ ಜಾಗ ಕೈತಪ್ಪುತ್ತದೆ. ಹುಡುಗಿ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದಳು.

“ಕಾಕಾ, ಖರೆ ಹೇಳ್ರಿ. ಅಪ್ಪ ಇಲ್ಲಿದ್ದಾಗ ಅಳ್ತಿದ್ನೇನ್ರಿ? ನಾ ಎಂದೂ ಅತ್ತಿಲ್ಲ ಅಂತಾನ.”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಅಳ್ತಿದ್ದ ಅವ್ವಿ. ನಾ ಮನಿಗಿ ಹೊಂಟ್ರ ಇದೇ ಸರಳಿಗಿ ಹಣಿ ಹಚ್ಚಿ ದಿನಾ ಅಳ್ತಿದ್ದ.”

“ಏ, ಏನ್ ಸುಳ್ಳ ಹೇಳಾಕತ್ತೀ ಲೇ!” ಎಂದು ಅಣ್ಣಾರಾಯ ಸಿಡಿದ. “ಅಳ್ತಿದ್ದಂವ ನೀ! ‘ನನ್ನೂ ಬೋರ್ಡಿಂಗಿನ್ಯಾಗ ಇಟ್ಕೋರಿ ಸರ್’ ಅಂತ ವಾರ್ಡನ್ನರ ಧೋತರ ಹಿಡ್ಕೊಂಡು ಅಳ್ತಿದ್ದಿ. ನಿಮ್ಮವ್ವ ಬಂದು ಕಿವಿ ಹಿಡ್ದು ಎಳ್ಕೊಂಡು ಹೋಗ್ತಿದ್ದಳು. ಮರ್ತೀಯೇನ್?”

ನನ್ನ ಮನಸ್ಸಿನಲ್ಲಿ ಇಷ್ಟು ವರ್ಷ ಒಂದು ಚಿತ್ರ ಅಚ್ಚಳಿಯದೆ ಉಳಿದಿತ್ತು: ಕಬ್ಬಿಣದ ಸರಳುಗಳು, ಅವುಗಳ ಆಚೆ ಒಂದು ಒದ್ದೆ ಮುಖ. ಆದರೆ ಓದುಗ ಮಿತ್ರರೇ, ಸರಳುಗಳು ಎರಡೂ ಕಡೆಯಿಂದ ಒಂದೇ ರೀತಿ ಕಾಣುತ್ತವಲ್ಲ! ಅವ್ವನ ಕೈಹಿಡಿತದ ಬಿಸಿ ಇದ್ದಕ್ಕಿದ್ದಂತೆ ಕಿವಿಗೆ ತಾಕಿದಂತಾಯಿತು. ನನಗೆ ಮನೆಯಲ್ಲಿ ಒಲೆಯಿಂದ ನೇರ ತಟ್ಟೆಗೆ ಬೀಳುವ ಜೋಳದ ರೊಟ್ಟಿಯಿತ್ತು. ಅವನಿಗೆ ಸಾಲು ಹಾಸಿಗೆಗಳಲ್ಲಿ ಮಲಗಿ ಕತೆ ಹೇಳುವ, ದಿಂಬು ಎಸೆಯುವ ಇಡೀ ದಂಡೇ ಇತ್ತು. ಅವನು ನನ್ನ ರೊಟ್ಟಿಗಾಗಿ ಅತ್ತಿರಬೇಕು, ನಾನು ಅವನ ದಂಡಿಗಾಗಿ. ಮನೆಯಿದ್ದವರು ಬೋರ್ಡಿಂಗನ್ನೂ ಬೋರ್ಡಿಂಗಿನವರು ಮನೆಯನ್ನೂ ಬಯಸುತ್ತಾ ಒಂದೇ ಬೆಂಚಿನಲ್ಲಿ ಭುಜ ತಾಗಿಸಿ ಕೂರುವುದೇ ಆ ಶಾಲೆಯ ನಿಜವಾದ ಸ್ವಭಾವವಿದ್ದೀತು; ಯಾವ ಪಠ್ಯಪುಸ್ತಕವೂ ನಮಗೆ ಅದನ್ನು ಕಲಿಸಿರಲಿಲ್ಲ.

ಹುಡುಗಿ ನಮ್ಮಿಬ್ಬರನ್ನೂ ತನಿಖಾಧಿಕಾರಿಯ ಹಾಗೆ ನೋಡಿದಳು. “ಅಂದ್ರ ಒಳಗಿದ್ದಂವನೂ ಅತ್ತಾನ, ಹೊರಗ ಹೋದಂವನೂ ಅತ್ತಾನ. ಮನಿಗಿ ಹೋದ್ರೂ ಅಳೂದು ತಪ್ಪಂಗಿಲ್ಲ ಅಂದಂಗಾತು.”

ಅಷ್ಟರಲ್ಲಿ ಸರಳಿನ ಆಚೆ ಎರಡು ಜಡೆಯ ಹುಡುಗಿಯೊಬ್ಬಳು ಬಂದು ನಿಂತಿದ್ದಳು. ಭಾಗ್ಯಶ್ರೀ ಅವಳನ್ನೇ ಕೇಳಿದಳು:

“ಇಲ್ಲಿ ಅತ್ರ ಬೈತಾರೇನು?”

“ಇಲ್ಲ. ಊಟದ ಗಂಟಿ ಹೊಡಿಯೂತನ ಅಳಬಹುದು. ಆಮ್ಯಾಲ ತಾಟ ಹಿಡ್ಕೊಂಡು ಪಾಳಿ ಹಚ್ಚಬೇಕು.”

“ಗಂಟಿ ಎಷ್ಟೊತ್ತಿಗಿ?”

“ಈಗ ಹೊಡಿತಾರ.”

ಭಾಗ್ಯಶ್ರೀ ಟ್ರಂಕಿನಿಂದ ದಡಕ್ಕನೆ ಎದ್ದಳು. “ಅಪ್ಪಾ, ಹೋಗತೀನಿ. ಟೈಮ್ ಕಮ್ಮಿ ಅದ.” ಆ ಹುಡುಗಿ ಟ್ರಂಕಿನ ಒಂದು ಹಿಡಿಕೆ ಹಿಡಿದಳು, ಇವಳು ಇನ್ನೊಂದು. ಸ್ವಲ್ಪ ದೂರ ಹೋಗಿ ಟ್ರಂಕನ್ನು ಕೆಳಗಿಟ್ಟು ಕೈ ಬದಲಿಸುವಾಗ ಅದೇನು ಮಾತಾಡಿಕೊಂಡರೋ, ಇಬ್ಬರೂ ನಕ್ಕರು. ಅಳುವುದಕ್ಕೆ ಅವಳಿಗೆ ಪುರಸತ್ತು ಸಿಕ್ಕಿತೋ ಇಲ್ಲವೋ ತಿಳಿಯದು. ಸರಳು ಹಿಡಿದು ನಿಂತಿದ್ದ ಅಣ್ಣಾರಾಯ ಮಾತ್ರ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಬಿಸಿಲು ಇರಲಿಲ್ಲ.

ಮರುದಿನ ಬೆಳಿಗ್ಗೆ ಕಮಲಾಪುರದಿಂದ ಅವನ ಹೆಂಡತಿಯ ಫೋನು ಬಂತು.

“ಭಾಗ್ಯಾ ಆರಾಮ ಅದಾಳಂತ್ರೀ, ವಾರ್ಡನ್ ಬಾಯಿ ಫೋನ್ ಮಾಡಿದ್ರು. ಆದ್ರ ಅಣ್ಣಾವರ, ನೀವು ಗೇಟಿನ್ಯಾಗ ಭಾಳ ಅತ್ರಂತಲ್ರಿ? ನಮ್ಮವರು ಹೇಳಾಕತ್ತಿದ್ರು. ಸಮಾಧಾನ ಮಾಡ್ಕೋರಿ.”

ನನಗೆ ಅಣ್ಣಾರಾಯನ ಟವೆಲ್ಲು ನೆನಪಾಯಿತು.

“ಹೌದ್ರಿ ವೈನಿ,” ಎಂದೆ. “ಈಗ ಆರಾಮ ಆಗೀನಿ.”